ಹಾಲು ಕಾಯುವಷ್ಟು ಹೊತ್ತಿನ ಆಟ

ನನ್ನ ಹೆಂಡತಿ ಶ್ಯಾಮಲಮ್ಮ ತಪ್ಪು ಮಾಡುವವಳಲ್ಲ. ಇದನ್ನು ಹೊಗಳಿಕೆ ಅಂತ ತಿಳಿಯಬೇಡಿ, ಅಂಥವರ ಜೊತೆ ಸಂಸಾರ ಮಾಡಿದವನಿಗೇ ಅದರ ಕಷ್ಟ ಗೊತ್ತು. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೆ ಆ ದಿನವೆಲ್ಲ ಮನೆಯಲ್ಲಿ ಮಾತಿಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಬಾಡಿಗೆ ಮಹಡಿಯ ಮೇಲೆ ಅವಳ ಟೈಪಿಂಗ್ ಇನ್‌ಸ್ಟಿಟ್ಯೂಟ್. ತಾಲ್ಲೂಕಿನ ಅರ್ಧ ಗುಮಾಸ್ತರು ಅಲ್ಲೇ ಬೆರಳು ತಿದ್ದಿಸಿಕೊಂಡವರು. ನಾನೂ ಅಲ್ಲೇ ಸೀನಿಯರ್ ಪರೀಕ್ಷೆಗೆ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು, ಕೊನೆಗೆ ಟೀಚರನ್ನೇ ಮದುವೆಯಾದವನು. ಹಾಳೆಯ ಮೇಲೆ ಬಿದ್ದ ತಪ್ಪು ಬಿದ್ದದ್ದೇ, ಹೋದ ಅಂಕ ಹೋದದ್ದೇ ಎಂಬುದು ಅವಳ ಮೊದಲ ಪಾಠ.

2003ರ ಹೊತ್ತಿಗೆ ಆ ಪಾಠ ಕೇಳುವವರೇ ಇಲ್ಲವಾದರು. ಹುಡುಗರೆಲ್ಲ ಕಂಪ್ಯೂಟರ್ ಕ್ಲಾಸಿನ ಕಡೆ ನಡೆದರು, ಯಂತ್ರಗಳು ಧೂಳು ತಿನ್ನುತ್ತ ಕೂತವು. ಅವಳ ಅಣ್ಣನ ಮಗ ತಿರುಮಲೇಶ್ ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದ. ಅವನೇ ಒಂದು ಭಾನುವಾರ ಹಳೇ ಕಂಪ್ಯೂಟರೊಂದನ್ನು ಇನ್‌ಸ್ಟಿಟ್ಯೂಟಿಗೇ ಹೊತ್ತು ತಂದಿಟ್ಟ.

“ಅತ್ತೆ, ನೀನು ಇದನ್ನ ಕಲ್ತ್ಕೊಂಡ್ರೆ ಇನ್‌ಸ್ಟಿಟ್ಯೂಟ್ ಉಳ್ಕೊಳ್ಳುತ್ತೆ. ಇಲ್ಲಾಂದ್ರೆ ಜೂನ್‌ಗೆ ಬಾಗ್ಲು ಹಾಕ್ಬೇಕು. ಓನರ್ ಆಗ್ಲೇ ಮಹಡೀನ ಬೇರೆಯೋರಿಗೆ ತೋರಿಸ್ತಾವ್ರೆ” ಅಂದ.

ಅವತ್ತೇ ಪಾಠ ಶುರುವಾಯಿತು. ಒಂದು ಅರ್ಜಿ ಅರ್ಧ ಟೈಪ್ ಮಾಡಿದ್ದಳು, ಅದೇನು ಒತ್ತಿದಳೋ, ಎಲ್ಲ ಮಾಯ. ಬಿಸಿ ಬಾಣಲೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು. ತಿರುಮಲೇಶ್ ಎರಡು ಕೀ ಒತ್ತಿದ, ಅರ್ಜಿ ವಾಪಸ್ ಬಂತು.

“ನೋಡು, ತಪ್ಪಾದ್ರೂ ಏನೂ ಆಗಲ್ಲ ಅತ್ತೆ.”

“ಏನೂ ಆಗಲ್ಲ ಅಂದ್ರೆ? ಮಾಡಿದ್ ತಪ್ಪು ಎಲ್ಲೋಯ್ತು? ಇದು ಕಳ್ಳಾಟ ಕಣೋ!”

ಮರುದಿನವೇ ಅದರ ಮೇಲೆ ಹಳೇ ಸೀರೆಯ ತುಂಡು ಹೊದಿಸಿದಳು. ಶುಕ್ರವಾರ ಕುಂಕುಮ ಇಟ್ಟು ಕೈ ಮುಗಿಯುವುದು ಬಿಟ್ಟರೆ ಮತ್ತೆ ಮುಟ್ಟಲಿಲ್ಲ. ಕಳ್ಳಾಟ ಅನ್ನುವುದೆಲ್ಲ ನೆಪ, ಅವಳಿಗೆ ಭಯ. ಊರಿಗೆಲ್ಲ ಕಲಿಸಿದವಳು ಈಗ ತಡವರಿಸುವುದು ಹೇಗೆ? ಆದರೆ ಆ ಮಹಡಿ ಕೈಬಿಟ್ಟರೆ ಅವಳು ಅರ್ಧ ಜೀವವಾಗುತ್ತಾಳೆ ಎಂಬುದೂ ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಇನ್ನೊಂದು ಭಾನುವಾರ ಅವಳು ಯಂತ್ರಗಳಿಗೆ ಎಣ್ಣೆ ಬಿಡುತ್ತಿದ್ದಾಗ ನಾನು ಸುಮ್ಮನಿರಲಾರದೆ ಸೀರೆ ಸರಿಸಿ ಸ್ವಿಚ್ ಹಾಕಿದೆ. ಅಲ್ಲಿ ಇಲ್ಲಿ ಒತ್ತುತ್ತ ಹೋದರೆ ಒಂದು ಆಟ ಸಿಕ್ಕಿತು. ಕಪ್ಪು ಆಕಾಶ, ಕೆಳಗೆ ಒಂದು ಪುಟ್ಟ ವಿಮಾನ, ಮೇಲಿನಿಂದ ಸಾಲುಸಾಲಾಗಿ ಇಳಿಯುವ ವೈರಿಗಳು. ಜೆಡ್ ಒತ್ತಿದರೆ ಎಡಕ್ಕೆ, ಎಕ್ಸ್ ಒತ್ತಿದರೆ ಬಲಕ್ಕೆ, ಸ್ಪೇಸ್ ಬಾರ್ ಒತ್ತಿದರೆ ಗುಂಡು. ಐದು ಹಂತ, ಕೊನೆಗೆ ವೈರಿಗಳದೇ ಒಂದು ದೊಡ್ಡ ಹಾರುವ ಹಡಗು, ಅಲ್ಲಿಗೆ ಮುಗಿಯಿತು. ಗೆಲ್ಲುವವರಿಗೂ ಹಾಲು ಕಾಯುವಷ್ಟು ಹೊತ್ತು ಸಾಕು. ನನಗೆ ಅಷ್ಟೂ ಬೇಕಾಗಲಿಲ್ಲ, ಎರಡನೇ ಸಾಲಿಗೇ ಸತ್ತೆ.

“ಏನ್ರೀ ಅದು ಕೈ? ಕೋಳಿ ತಿಪ್ಪೆ ಕೆದಕ್ದಂಗೆ!” ಶ್ಯಾಮಲಮ್ಮ ಹಿಂದೆ ನಿಂತಿದ್ದಳು. “ಜೆಡ್‌ಗೆ ಯಾವ ಬೆರಳು?”

“ಆಟಕ್ಕೆ ಯಾವುದಾದ್ರೇನೇ?”

“ಏಳ್ರಿ ಮೇಲೆ.”

ಬೆನ್ನು ನೆಟ್ಟಗೆ ಮಾಡಿ ಕೂತಳು. ಜೆಡ್ ಮೇಲೆ ಕಿರುಬೆರಳು, ಎಕ್ಸ್ ಮೇಲೆ ಉಂಗುರದ ಬೆರಳು, ಸ್ಪೇಸ್ ಬಾರ್ ಮೇಲೆ ಬಲಗೈ ಹೆಬ್ಬೆರಳು. ಅಪ್ಪಿತಪ್ಪಿಯೂ ಕೈ ನೋಡಲಿಲ್ಲ. ಬೆರಳೆಲ್ಲ ಶಾಸ್ತ್ರೋಕ್ತವಾಗಿತ್ತು, ಆದರೂ ನನಗಿಂತ ಬೇಗ ಸತ್ತಳು. ಸತ್ತು, ಹಾಗೇ ಕಾದಳು. ಪರದೆಯ ಮೇಲೆ ಹೊಸ ವಿಮಾನ ಬಂದು ನಿಂತಿತು.

“ಅಷ್ಟೇನಾ?”

“ಅಷ್ಟೇ.”

“ಯಾರೂ ಏನೂ ಅನ್ನಲ್ವಾ?”

“ಯಾರಂತಾರೆ? ಇರೋದು ನಾವಿಬ್ರೇ ಕಣೇ.”

ಮತ್ತೆ ಆಡಿದಳು, ಮತ್ತೆ ಸತ್ತಳು. ಮೊದಮೊದಲು ಸತ್ತಾಗಲೆಲ್ಲ ತುಟಿ ಕಚ್ಚುತ್ತಿದ್ದವಳು ಸ್ವಲ್ಪ ಹೊತ್ತಿನ ಮೇಲೆ, “ಪೋನೀಲೇ” ಅಂದಳು. ಅವಳ ತವರು ಕೈವಾರದ ಕಡೆ, ಮನಸ್ಸು ಹಗುರವಾದಾಗ ತೆಲುಗು ಬರುತ್ತದೆ. ಹೋಗಲಿ ಬಿಡು ಎಂಬ ಆ ಮಾತನ್ನು ಒಂದು ತಪ್ಪಿನ ಮುಂದೆ ಅವಳು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಂತೋಷವಾಯಿತು. ಹೊಟ್ಟೆಯೂ ಉರಿಯಿತು, ನನ್ನ ಪರೀಕ್ಷೆ ಕಾಲದಲ್ಲಿ ಎಲ್ಲಿತ್ತು ಈ ಪೋನೀಲೇ?

ಅಲ್ಲಿಂದ ದಿನಾ ಆಟ. ಊಟವಾದ ಮೇಲೆ ಒಂದು, ಬೀಗ ಹಾಕುವ ಮುಂಚೆ ಒಂದು. “ಧಾರಾವಾಹಿ ಥರ ಎಳ್ಯಲ್ಲ ಕಣ್ರೀ. ಸತ್ರೆ ಸತ್ತೆ, ಬದುಕಿದ್ರೆ ಬದುಕ್ದೆ, ಎದ್ದು ಕೆಲ್ಸ ನೋಡ್ಕೊಬೋದು” ಅನ್ನುತ್ತಿದ್ದಳು. ಕೆಲಸ ಮಾತ್ರ ಎಲ್ಲಿತ್ತು? ಅರ್ಜಿ ಟೈಪ್ ಮಾಡುವ ಪಾಠದ ಸುದ್ದಿಯನ್ನೇ ಎತ್ತಲಿಲ್ಲ. ಮೇ ತಿಂಗಳು ಮುಗಿಯುತ್ತ ಬಂತು.

ಆಗ ತಿರುಮಲೇಶ್ ಬಂದ. ಮುಖ ಸಣ್ಣಗಾಗಿತ್ತು. ಬಾಗಿಲಲ್ಲೇ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: “ಮಾವ, ಮಹಡಿಗೆ ಪಾರ್ಟಿ ಬಂದದೆ. ನಾಳೆ ಅಡ್ವಾನ್ಸ್ ಕೊಡ್ತಾರಂತೆ. ಅತ್ತೆಗೆ ನೀವೇ ಹೇಳ್ಬಿಡಿ.”

ನಾನು ಹೇಗೆ ಹೇಳಲಿ? ಇಬ್ಬರೂ ಹೋಗಿ ಅವಳ ಹಿಂದೆ ನಿಂತೆವು. ಅವಳು ಕೊನೆಯ ದೊಡ್ಡ ಹಡಗಿನ ಮುಂದೆ ಇದ್ದಳು. ಅಷ್ಟು ದೂರ ಅವಳು ಹೋದದ್ದನ್ನು ನಾನು ನೋಡಿರಲಿಲ್ಲ. ಕಿರುಬೆರಳು, ಉಂಗುರದ ಬೆರಳು, ಹೆಬ್ಬೆರಳು, ಒಂದೂ ತಪ್ಪುತ್ತಿರಲಿಲ್ಲ. ಇನ್ನೇನು ಗೆದ್ದಳು ಅನ್ನುವಾಗ ಎಲ್ಲಿಂದಲೋ ಒಂದು ಗುಂಡು ಬಂದು ವಿಮಾನ ಚೂರಾಯಿತು. ಅಣ್ಣನ ಮಗನ ಕಣ್ಣೆದುರಿಗೇ ಸೋತಳು. ಇವತ್ತು ಮನೆಯಲ್ಲಿ ಮಾತಿಲ್ಲ ಅಂದುಕೊಂಡೆ.

ಅವಳು ಗೊಳ್ಳನೆ ನಕ್ಕಳು. ಆಟ ಮುಚ್ಚಿ, ತಿರುಗದೆಯೇ ಹೇಳಿದಳು: “ತಿರುಮಲೇಶ, ನನ್ ಕಿವಿ ನೆಟ್ಟಗಿದೆ ಕಣಪ್ಪ. ಮಹಡಿ ಖಾಲಿ ಇಲ್ಲ ಅಂತ ಓನರ್‌ಗೆ ಹೋಗಿ ನಾನೇ ಹೇಳ್ತೀನಿ. ನೀನು ಕುರ್ಚಿ ಎಳ್ಕೊ. ಆ ಅರ್ಜಿ ಟೈಪ್ ಮಾಡೋದು ಮೊದಲಿಂದ ಹೇಳ್ಕೊಡು. ತಪ್ಪು ಬೇಜಾನ್ ಮಾಡ್ತೀನಿ, ನೋಡ್ತಾ ಕೂತ್ಕೋ.”

ಅವನು ಕುರ್ಚಿ ಎಳೆದುಕೊಂಡ. ನಾನು ಕಾಫಿ ತರುತ್ತೇನೆಂದು ಕೆಳಗಿಳಿದೆ.