ಪೆನ್ ಡ್ರೈವಿಗೆ ವಿಭೂತಿ

ವಚನಾ ಕಿರಿಯ ಸೊಸೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದ ಹೊಸದರಲ್ಲಿ, ಅವಳ ಕೊರಳಲ್ಲಿ ನೀಲಿ ದಾರಕ್ಕೆ ಜೋತುಬಿದ್ದಿದ್ದ ಬೆಳ್ಳಿ ಬಣ್ಣದ ಪುಟ್ಟ ವಸ್ತುವನ್ನು ಕಂಡು ಅತ್ತೆ ಜಗದಾಂಬಾ ಮೋಸಹೋದರು. ಈ ಕಾಲದ ಹುಡುಗಿಯರು ಲಿಂಗ ಕಟ್ಟಿಕೊಳ್ಳುವುದಿರಲಿ, ಹಣೆಗೆ ವಿಭೂತಿ ಇಟ್ಟರೂ ಬಸ್‌ಸ್ಟಾಪಿನ ಹೊತ್ತಿಗೆ ಒರೆಸಿಬಿಡುತ್ತಾರೆ. ಅಂಥದ್ದರಲ್ಲಿ ಇವಳು ಹೊಸ ನಮೂನೆಯ ಕರಡಿಗೆ ಮಾಡಿಸಿ, ಅದರೊಳಗೆ ಇಷ್ಟಲಿಂಗ ಇಟ್ಟು, ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ಧರಿಸಿ ಆಫೀಸಿಗೆ ಹೋಗುತ್ತಾಳಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು. ವಚನ ಹೇಳಲು ಸೇರುವ ಅಕ್ಕನ ಬಳಗದ ಹೆಂಗಸರ ಮುಂದೆಲ್ಲ ಹೇಳಿಕೊಂಡು ಬಂದರು.

ಅದು ಕರಡಿಗೆಯಲ್ಲ, ಪೆನ್ ಡ್ರೈವ್ ಎಂದು ಗೊತ್ತಾದಾಗ ಹಿರಿ ಸೊಸೆ ಸುವರ್ಣಾಗೆ ಆದ ಸಂತೋಷ ಅಷ್ಟಿಷ್ಟಲ್ಲ. ಈಗ ಅತ್ತೆಯ ಮುಖ ಗಂಟಿಕ್ಕುತ್ತದೆ, ಕಿರಿಯವಳಿಗೆ ಮಂಗಳಾರತಿಯಾಗುತ್ತದೆ ಎಂದು ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕಾದಳು.

ಜಗದಾಂಬಾ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. "ಪೆನ್ನು ಅಂತೀಯ, ಬರೆಯಲ್ಲ. ಡ್ರೈವ್ ಅಂತೀಯ, ಓಡಲ್ಲ. ಏನಮ್ಮಾ ಇದು?"

"ಆಫೀಸಿನ ಲೆಕ್ಕ ಎಲ್ಲ ಇದರೊಳಗೇ ಇರತ್ತೆ ಅತ್ತೆ. ಹಾಡೂ ತುಂಬ್ಕೋಬಹುದು. ನಿಮಗೆ ವಚನ ಹಾಕ್ಕೊಡ್ಲಾ?"

ಅಲ್ಲಿಗೆ ಮುಗಿಯಿತು. ಸುವರ್ಣಾ ಸೊಪ್ಪನ್ನು ಬೇರಿನ ಸಮೇತ ಪಾತ್ರೆಗೆ ಹಾಕಿದಳು.

ವಿಷಯ ಏನೆಂದರೆ, ಆ ಮನೆಯಲ್ಲಿ ವಚನ ಹಾಡುವವಳು ಸುವರ್ಣಾ. ಮದುವೆಯಾಗಿ ಬಂದ ಮೊದಲ ವಾರ ಅವಳ ಸಾರಿಗೆ ಉಪ್ಪಿರಲಿಲ್ಲ, ರೊಟ್ಟಿಗೆ ಆಕಾರವಿರಲಿಲ್ಲ. ಸಂಜೆ ಅತ್ತೆ ಶಿವಪೂಜೆಗೆ ಕೂತಾಗ ಸುಮ್ಮನಿರಲಾರದೆ ಒಂದು ವಚನ ಹೇಳಿದಳು. ಜಗದಾಂಬಾ ಅಂದಿನಿಂದ ಉಪ್ಪಿನ ಮಾತೆತ್ತಲಿಲ್ಲ. ಅಕ್ಕನ ಬಳಗದಲ್ಲೂ ಅಷ್ಟೇ. ಯಾರ ಮನೆಯಲ್ಲಿ ಸೇರಿದರೂ ಚಾಪೆಯ ನಡುಮಧ್ಯೆ ಅವಳಿಗೊಂದು ಜಾಗ, ಮೊದಲ ಲೋಟ ಬಾದಾಮಿ ಹಾಲು ಅವಳಿಗೆ. ಗಂಡ ಪಂಚಾಕ್ಷರಿ ಕರೆಂಟಿನ ಆಫೀಸಿನಿಂದ ಬಂದವನು ಟೀವಿ ನೋಡಿ ಮಲಗುವ ಆಸಾಮಿ. ಅವನಿಂದ ಒಂದು ಹೊಗಳಿಕೆಯ ಮಾತು ಹೊರಡಿಸುವುದು ಒಣ ಬಾವಿಯಲ್ಲಿ ನೀರು ಸೇದಿದ ಹಾಗೆ. ಆದ್ದರಿಂದ ಸುವರ್ಣಾಗೆ ಇದ್ದದ್ದು ಈ ಹಾಡು ಒಂದೇ. ಈಗ ನೋಡಿದರೆ ಹಾಡುವವಳು ತಾನು, ವಚನಾ ಎನ್ನುವ ಹೆಸರು ಅವಳಿಗೆ. ಹೆಸರಿನಲ್ಲಾದರೂ ಒಂದು ನ್ಯಾಯ ಬೇಡವೇ?

ಮೈದುನ ಸಿದ್ದಲಿಂಗೇಶ್, ವಚನಾಳ ಗಂಡ, ಪೆನ್ ಡ್ರೈವ್ ಚುಚ್ಚುವ ಕಿಂಡಿಯಿರುವ ಡಿವಿಡಿ ಪ್ಲೇಯರನ್ನೂ ತಂದುಬಿಟ್ಟ. ಸಂಜೆ ವಚನಾ ರಾಜಾಜಿನಗರದ ಆಫೀಸಿನಿಂದ ಸ್ಕೂಟಿಯಲ್ಲಿ ಬಂದು, ಕೊರಳಿಂದ ದಾರ ತೆಗೆದು, ಅದನ್ನು ಕಿಂಡಿಗೆ ಚುಚ್ಚುತ್ತಿದ್ದಳು. ಕೆಂಪು ದೀಪ ಮಿಣುಕುತ್ತಿತ್ತು. ದೊಡ್ಡ ದೊಡ್ಡ ಗಾಯಕರು ತಬಲಾ, ಹಾರ್ಮೋನಿಯಂ ಸಮೇತ ಹಾಲಿಗೆ ಬಂದು ಕೂತುಬಿಡುತ್ತಿದ್ದರು. ಜಗದಾಂಬಾ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಸುವರ್ಣಾ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಜಾಸ್ತಿ ಕೂಗಿಸುತ್ತಿದ್ದಳು. ಹಾಡು ಕೆಡಿಸಲು ಅವಳ ಕೈಲಿದ್ದದ್ದು ಅಷ್ಟೇ.

ಕೆಳಗಿನ ಪೋರ್ಷನ್ನಿನ ಬಾಡಿಗೆದಾರಳು ವತ್ಸಲಾ, ಅವಳೂ ಬಳಗದವಳೇ, ಒಂದು ಸಂಜೆ ಕೇಳಿ ಹೋಗುವಾಗ ಒಂದು ಮಾತು ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದೇನಲ್ಲ. "ಇದೇ ವಾಸಿ ಕಣ್ರೀ. ಇದಕ್ಕೆ ನೆಗಡಿ ಇಲ್ಲ, ಗಂಟಲು ನೋವಿಲ್ಲ."

ಸುವರ್ಣಾಗೆ ಆ ವಾರ ನೆಗಡಿಯಾಗಿತ್ತು. ಆ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು.

ಅವಳು ಆ ಪೆನ್ ಡ್ರೈವಿನ ಕೇಡನ್ನು ದೇವರ ಮುಂದೆ ಕೂತು ಬೇಡಿಕೊಂಡಳು ಎಂದರೆ ನೀವು ನಂಬಬೇಕು. ಮೊದಲು ಅದರ ಮುಚ್ಚಳ ಕಳೆಯಿತು. ಮಂಚದ ಕೆಳಗೆ, ಸ್ಕೂಟಿಯ ಡಿಕ್ಕಿಯಲ್ಲಿ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸುವರ್ಣಾಗೆ ಹಬ್ಬ. ಆದರೆ ಮುಚ್ಚಳವಿಲ್ಲದೆಯೂ ಅದು ಹಾಡಿತು. ಇನ್ನೊಂದು ದಿನ ಚೂಡಿದಾರದ ಜೊತೆ ಸೋಪಿನ ನೀರಿಗೇ ಹೋಯಿತು. ಬಕೆಟ್ಟಿನ ತಳದಲ್ಲಿ ಕೈಗೆ ಸಿಕ್ಕಾಗ ಸುವರ್ಣಾ ಒಳಗೊಳಗೇ ಕೈಮುಗಿದಳು. ವಚನಾ ಅದನ್ನು ತಾರಸಿಯಲ್ಲಿ ಸಂಡಿಗೆಯ ಪಕ್ಕ ಒಣಗಿಸಿ ಚುಚ್ಚಿದಳು. ಹಾಡಿತು. ಮನುಷ್ಯರ ಗಂಟಲಾಗಿದ್ದರೆ ನ್ಯುಮೋನಿಯಾ ಆಗುತ್ತಿತ್ತು. ಇಷ್ಟು ಗಟ್ಟಿ ಜೀವ ತನ್ನ ಪಾಲಿನ ಶತ್ರುವಿಗೇ ಸಿಗಬೇಕೇ ಎಂದು ಸುವರ್ಣಾ ಹಲ್ಲು ಕಚ್ಚಿದಳು.

ದಸರೆ ಬಂತು. ಆ ಸಲ ವಿಜಯದಶಮಿಯ ಸಂಜೆ ಅಕ್ಕನ ಬಳಗ ಇವರ ಮನೆಯಲ್ಲೇ ಸೇರುವುದೆಂದು ಗೊತ್ತಾಗಿತ್ತು. ಸುವರ್ಣಾ ತಿಂಗಳಿನಿಂದ ಹೊಸ ವಚನವೊಂದನ್ನು ಬಾಯಿಗೆ ಕೂರಿಸಿಕೊಂಡು, ಮೆಣಸಿನ ಕಷಾಯ ಕುಡಿದು, ಮೊಸರು ಬಿಟ್ಟು ಕಾದಿದ್ದಳು. ಹಿಂದಿನ ದಿನ ಆಯುಧಪೂಜೆಯ ಬೆಳಿಗ್ಗೆ ಜಗದಾಂಬಾ ಹೂ ಕಟ್ಟುತ್ತಾ, ನಾಳೆ ಪೆನ್ನಿನ ಹಾಡೇ ಹಾಕಿಸೋಣ, ಬಂದವರೂ ಕೇಳಲಿ, ಸುವರ್ಣಾಗೆ ಪಾಪ ಅಡುಗೆಯದೇ ಹೊರೆಯಾಗುತ್ತದೆ ಎಂದರು. ಆ 'ಪಾಪ' ಎನ್ನುವ ಮಾತು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು.

ನಡುಮನೆಯಲ್ಲಿ ಮಣೆ ಹಾಕಿ ಆಯುಧಗಳನ್ನು ಜೋಡಿಸಿದರು. ಪಂಚಾಕ್ಷರಿಯ ಟೆಸ್ಟರು, ಕಟಿಂಗ್ ಪ್ಲೇಯರು. ಸಿದ್ದಲಿಂಗೇಶನ ಸ್ಕ್ರೂಡ್ರೈವರುಗಳು. ಈಳಿಗೆಮಣೆ, ಕತ್ತರಿ, ಮಾವನವರ ಕಾಲದ ಮಚ್ಚು. ಜಗದಾಂಬಾ ಕಿರಿ ಸೊಸೆಯತ್ತ ತಿರುಗಿ, ಉದ್ಯೋಗ ಮಾಡುವ ಹೆಣ್ಣು ನೀನು, ನಿನ್ನ ಆಯುಧ ಯಾವುದಮ್ಮಾ ಎಂದು ಕೇಳಿದರು. ವಚನಾ ನಕ್ಕು ಕೊರಳಿಂದ ದಾರ ತೆಗೆದು ಪೆನ್ ಡ್ರೈವನ್ನು ಮಣೆಯ ಮೇಲಿಟ್ಟಳು. ಎಲ್ಲರೂ ಭಲೇ ಎಂದರು. ಪಂಚಾಕ್ಷರಿಯೂ ಎಂದ, ಒಣ ಬಾವಿಯಲ್ಲಿ ನೀರು ಉಕ್ಕಿತು.

ಸುವರ್ಣಾಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಏನು ಇಡುತ್ತಿದ್ದಳು? ಈಳಿಗೆಮಣೆ ಮನೆಯದು. ಗಂಟಲನ್ನು ಬಿಚ್ಚಿ ಮಣೆಯ ಮೇಲಿಡಲು ಬರುವುದಿಲ್ಲ. ಆದರೂ ಒಂದು ಮಾತು ಕೇಳಬಹುದಿತ್ತು.

"ಸುವರ್ಣಾ, ನಿನ್ನ ಕೈ ಶುದ್ಧ ಇದೆ, ಎಲ್ಲದಕ್ಕೂ ವಿಭೂತಿ ಕುಂಕುಮ ಹಚ್ಚಿಬಿಡು," ಎಂದು ಹೇಳಿ ಜಗದಾಂಬಾ ಬಾಳೆಕಂದು ಕಟ್ಟಿಸಲು ಗಂಡುಮಕ್ಕಳನ್ನು ಕರೆದುಕೊಂಡು ಗೇಟಿನ ಕಡೆ ಹೋದರು. ವಚನಾ ಸ್ಕೂಟಿ ತೊಳೆಯಲು ಹೋದಳು.

ಸುವರ್ಣಾ ಬಟ್ಟಲಲ್ಲಿ ನೀರು ಹಾಕಿ ವಿಭೂತಿ ಗಟ್ಟಿಯನ್ನು ತೇಯ್ದಳು. ಮಚ್ಚಿಗೆ ಮೂರು ಗೆರೆ ಎಳೆದಳು, ಕತ್ತರಿಗೆ ಎಳೆದಳು, ಗಂಡನ ಟೆಸ್ಟರಿಗೆ ಸುಮ್ಮನೆ ಒಂದು ಚುಕ್ಕೆ ಇಟ್ಟಳು. ಪೆನ್ ಡ್ರೈವಿನ ಸರದಿ ಬಂತು. ಅಷ್ಟು ಚಿಕ್ಕದಕ್ಕೆ ಮೂರು ಬೆರಳು ಹೇಗೆ ಹಿಡಿಸಬೇಕು? ಮುಚ್ಚಳವಿಲ್ಲದ ಅದರ ಬಾಯಿ ತೆರೆದೇ ಇತ್ತು. ಅವಳು ಆಚೀಚೆ ನೋಡಿದಳು. ಕಿರುಬೆರಳ ತುದಿಯಲ್ಲಿ ವಿಭೂತಿ ತೆಗೆದು ಆ ಬಾಯೊಳಗೆ ಒತ್ತಿದಳು. ಇನ್ನಷ್ಟು ಒತ್ತಿದಳು. ಬೆರಳು ಸಾಲದೆ ಊದುಬತ್ತಿಯ ಕಡ್ಡಿಯಿಂದ ತುರುಕಿದಳು. ಮೇಲೆ ಕುಂಕುಮ ಹಾಕಿ ಮೆತ್ತಿ, ಒಂದು ಸೇವಂತಿಗೆ ಹೂವನ್ನೂ ಏರಿಸಿದಳು. ಭಕ್ತಿ ಹೆಚ್ಚಾಯಿತೆಂದು ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಈ ಜಾಗದಲ್ಲಿ ಅವಳ ಜಾಣತನವನ್ನು ಮೆಚ್ಚಲೇಬೇಕು.

ಮಾರನೆಯ ಬೆಳಿಗ್ಗೆ ಪೂಜೆ ಕದಲಿಸಿದ ಮೇಲೆ ವಚನಾ ತನ್ನದನ್ನು ಎತ್ತಿಕೊಂಡಳು. ಹೂವು ತೆಗೆದಳು. ಒಣಗಿ ಗಾರೆಯಂತಾಗಿದ್ದ ಬಾಯಿಯನ್ನು ನೋಡಿದಳು, ಆಮೇಲೆ ಸುವರ್ಣಾಳನ್ನು ನೋಡಿದಳು.

"ಪೂಜೆ ಅಲ್ವೇನೇ, ಕಡಿಮೆ ಮಾಡೋಕಾಗತ್ತಾ?" ಎಂದಳು ಸುವರ್ಣಾ, ಯಾರೂ ಕೇಳದಿದ್ದರೂ.

"ಹೌದಕ್ಕ," ಎಂದಷ್ಟೇ ಹೇಳಿ ವಚನಾ ತನ್ನ ಕೋಣೆಗೆ ಹೋದಳು.

ಸಂಜೆ ಹಾಲಿನ ತುಂಬ ಹೆಂಗಸರು. ಜಗದಾಂಬಾ ಪೆನ್ನಿನ ಗುಣಗಾನ ಮಾಡಿ ಎಲ್ಲರ ಕಿವಿ ನೆಟ್ಟಗಾಗಿಸಿದ್ದರು. ವಚನಾ ಪ್ಲೇಯರಿನ ಮುಂದೆ ಬಗ್ಗಿ ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. ಕೆಂಪು ದೀಪ ಹತ್ತಲಿಲ್ಲ. ಬಾಗಿಲ ಬಳಿ ಪಾನಕದ ತಟ್ಟೆ ಹಿಡಿದು ನಿಂತಿದ್ದ ಸುವರ್ಣಾ ಆ ದೀಪದ ಮೇಲಿಂದ ಕಣ್ಣು ಕೀಳಲಿಲ್ಲ.

"ತಗೋತಾ ಇಲ್ಲ ಅತ್ತೆ. ಕೆಟ್ಟಿರಬೇಕು," ಎಂದಳು ವಚನಾ. ತಿರುಗಿ, "ಅಕ್ಕ, ನೀವೇ ಹೇಳಿಬಿಡಿ," ಎಂದಳು.

ಸುವರ್ಣಾ ತಟ್ಟೆಯನ್ನು ಅವಳ ಕೈಗೆ ಕೊಟ್ಟು ಚಾಪೆಯ ನಡುಮಧ್ಯೆ ಹೋಗಿ ಕೂತಳು. ಮೆಣಸಿನ ಕಷಾಯ ಸುಳ್ಳಾಗಲಿಲ್ಲ. ಅಂದು ಅವಳು ಹೇಳಿದ ಹಾಗೆ ಹಿಂದೆ ಎಂದೂ ಹೇಳಿರಲಿಲ್ಲ. ಜಗದಾಂಬಾ ಸೆರಗಿನಿಂದ ಕಣ್ಣೊರೆಸಿಕೊಂಡರು. ವತ್ಸಲಾ ಎದ್ದು ಬಂದು, ಯಾವ ಮಿಷನ್ನಿಗೂ ಈ ಗಂಟಲು ಬರಲ್ಲ ಎಂದು ಅವಳ ಕೈ ಹಿಡಿದಳು. ಸುವರ್ಣಾ ಮುಖ ಎತ್ತಿ ವಚನಾಳನ್ನು ಹುಡುಕಿದಳು. ಅವಳು ಬಾಗಿ ಬಾಗಿ ಎಲ್ಲರಿಗೂ ಪಾನಕ ಕೊಡುತ್ತಿದ್ದಳು. ಆ ನೋಟವೇ ಸುವರ್ಣಾಗೆ ಎಲ್ಲಕ್ಕಿಂತ ಸಿಹಿಯಾಗಿತ್ತು.

ಗೆದ್ದವಳು ಮರುದಿನ ಬೆಳಿಗ್ಗೆ ದೊಡ್ಡ ಮನಸ್ಸು ಮಾಡಿ ವಚನಾಳ ಟಿಫನ್ ಡಬ್ಬಿಯನ್ನು ತಾನೇ ಕೋಣೆಗೆ ಒಯ್ದಳು. ಒಂದು ಹೋಳಿಗೆ ಹೆಚ್ಚೇ ಹಾಕಿದ್ದಳು. ವಚನಾ ಕಂಪ್ಯೂಟರಿನ ಮುಂದೆ ಕೂತು ಆಫೀಸಿನ ಫೈಲುಗಳನ್ನು ನೋಡುತ್ತಿದ್ದಳು. ಪೆನ್ ಡ್ರೈವ್ ಚುಚ್ಚಿಕೊಂಡಿತ್ತು. ಕೆಂಪು ದೀಪ ಮಿಣುಕುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷೊಂದು, ಅದರ ಕೂದಲಿಗೆಲ್ಲ ವಿಭೂತಿ.

ಸುವರ್ಣಾಗೆ ಡಬ್ಬಿ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಇದು... ಯಾವಾಗ ಸರಿಹೋಯ್ತು?"

"ನಿನ್ನೆ ಬೆಳಿಗ್ಗೆನೇ, ಅಕ್ಕ."

"ಮತ್ತೆ ಸಂಜೆ ದೀಪ ಹತ್ತಲಿಲ್ಲ?"

"ಪೂರ್ತಿ ಒಳಗೆ ತಳ್ಳಲಿಲ್ಲ." ವಚನಾ ಪೆನ್ ಡ್ರೈವ್ ಕಿತ್ತು, ದಾರವನ್ನು ಕೊರಳಿಗೆ ಹಾಕಿಕೊಂಡು, ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. "ಕಷಾಯ ಕುಡಿದು ಕುಡಿದು ರೆಡಿಯಾಗಿದ್ರಲ್ಲ. ಬರೋ ವರ್ಷ ನನ್ನದಕ್ಕೆ ಒಂದು ಬೊಟ್ಟು ಸಾಕು ಅಕ್ಕ."

ಸ್ಕೂಟಿಯ ಸದ್ದು ತಿರುವಿನಲ್ಲಿ ಮರೆಯಾಗುವ ತನಕ ಸುವರ್ಣಾ ಅಲ್ಲೇ ನಿಂತಿದ್ದಳು. ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ನಾಚಿಕೆಯ ಹಿಂದೆಯೇ ಹಳೆಯ ಉರಿ ಬಂದು ಅದನ್ನು ಪಕ್ಕಕ್ಕೆ ತಳ್ಳಿತು. ವಚನಾ ಅತ್ತೆಗೆ ಹೇಳಿ ಜಗಳ ತೆಗೆದಿದ್ದರೆ ತಾನೂ ಸೆರಗು ಕಟ್ಟಿ ನಿಲ್ಲಬಹುದಿತ್ತು. ನಿನ್ನೆಯ ಸಂಜೆ, ವತ್ಸಲಾ ಹಿಡಿದ ಕೈ, ಅತ್ತೆಯ ಕಣ್ಣೀರು, ಎಲ್ಲವೂ ತನ್ನ ದುಡಿಮೆ ಅಂದುಕೊಂಡಿದ್ದಳು. ನೋಡಿದರೆ ಅದನ್ನೂ ಅವಳೇ ಕೊಟ್ಟಿದ್ದು, ಪಾನಕ ಹಂಚಿದ ಹಾಗೆ. ಓದಿನಲ್ಲಿ ಮುಂದೆ, ಸಂಬಳದಲ್ಲಿ ಮುಂದೆ. ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ ಹೋಗಬೇಕೇ? ಪೆನ್ ಡ್ರೈವಿನ ಮೇಲೆ ಕೂಡ ಸುವರ್ಣಾ ಇಷ್ಟು ಹೊಟ್ಟೆ ಉರಿದುಕೊಂಡಿರಲಿಲ್ಲ.

ಇಡೀ ದಿನ ಯೋಚಿಸಿ ಅವಳೊಂದು ತೀರ್ಮಾನಕ್ಕೆ ಬಂದಳು. ಒಳ್ಳೆಯತನದಲ್ಲಿ ಸಾಲಗಾರಳಾಗಿ ಇರುವುದಕ್ಕಿಂತ ತಾನೂ ಒಂದು ಕೈ ನೋಡಿಬಿಡುವುದು ವಾಸಿ.

ಸಂಜೆ ಜಗದಾಂಬಾ ಪೂಜೆಗೆ ಕೂತು, ಪೆನ್ನಂತೂ ಕೆಟ್ಟಿತಲ್ಲ, ನೀನೇ ಹೇಳು ಎಂದು ಅವಳನ್ನು ಕರೆದರು. ಆಗತಾನೇ ಬಂದಿದ್ದ ವಚನಾ ಬಾಯಿ ಬಿಡಲಿಲ್ಲ. ಸುವರ್ಣಾ ಬಂದು, ಕೈ ಒರೆಸಿಕೊಂಡು ನಿಂತಳು. ಗಂಟಲವರೆಗೆ ಬಂದ ವಚನವನ್ನು ನುಂಗಿದಳು.

"ಕೆಟ್ಟಿಲ್ಲ ಅತ್ತೆ, ಸರಿಹೋಗಿದೆ. ಅದನ್ನೇ ಹಾಕೋಣ. ಕೊಡೇ ಇಲ್ಲಿ."

ವಚನಾ ಬೆರಗಾಗಿ ದಾರವನ್ನು ಕೊರಳಿಂದ ತೆಗೆದುಕೊಟ್ಟಳು. ಸುವರ್ಣಾ ಅದನ್ನು ಕಿಂಡಿಗೆ ಒತ್ತಿದಳು, ಹೋಗಲಿಲ್ಲ. ತಿರುಗಿಸಿ ಹಾಕಿ ಎಂದು ವಚನಾ ಮೆಲ್ಲಗೆ ಹೇಳಿಕೊಟ್ಟಳು. ತಿರುಗಿಸಿದಾಗ ಹೋಯಿತು. ದೀಪ ಹತ್ತಿತು, ತಬಲಾ ಶುರುವಾಯಿತು. ಇಷ್ಟು ದೊಡ್ಡ ತ್ಯಾಗ ಮಾಡಿದವಳು ಅತ್ತೆಯ ಬಾಯಿಂದ ಬರುವ ಮಾತಿಗಾಗಿ ಪಕ್ಕದಲ್ಲೇ ಕೂತಳು.

ಜಗದಾಂಬಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಅವರ ಮುಖ ಅರಳಿತು.

"ಕೆಟ್ಟಿದ್ದನ್ನ ಒಂದೇ ದಿನಕ್ಕೆ ಸರಿ ಮಾಡಿದ್ಲು ನೋಡು ನಮ್ಮ ವಚನಾ. ಎಷ್ಟು ಜಾಣೆ," ಎಂದರು.

ವಚನಾ ತುಟಿ ಕಚ್ಚಿ ನಗು ತಡೆದುಕೊಂಡು ನೆಲ ನೋಡಿದಳು. ಸುವರ್ಣಾಳ ಕಣ್ಣು ತಾನಾಗಿ ದೇವರ ಗೂಡಿನ ಕಡೆ ಹೋಯಿತು. ಅಲ್ಲಿ ಬಟ್ಟಲಿನ ಪಕ್ಕ ವಿಭೂತಿ ಗಟ್ಟಿ ಇನ್ನೂ ಅರ್ಧ ಉಳಿದಿತ್ತು.