ಚಿಂದಿ ಕೇಳದ ಪ್ರಶ್ನೆ

ನಮ್ಮ ಮನೆಯಲ್ಲಿ ಅಪ್ಪನಿಗೆ ದಿನಾ ಪರೀಕ್ಷೆ. ಬೆಳಿಗ್ಗೆ ಕಾಫಿ ಕೊಡುವಾಗ ಅಣ್ಣ ತನ್ನ ಎದೆ ಮುಟ್ಟಿಕೊಂಡು "ನಾನ್ಯಾರು ಹೇಳಪ್ಪಾ?" ಎನ್ನುತ್ತಿದ್ದ. ಅತ್ತಿಗೆ ಮಗಳನ್ನು ಮುಂದಕ್ಕೆ ನೂಕಿ "ಇವಳ್ಯಾರು ಮಾವಾ?" ಎನ್ನುತ್ತಿದ್ದಳು. ಸಂಜೆ ಕೆಲಸದಿಂದ ಬಂದು ನಾನೂ ಕೇಳುತ್ತಿದ್ದೆ. ಹೀಗೆ ಕೇಳುತ್ತಿದ್ದರೆ ನೆನಪು ಚುರುಕಾಗುತ್ತದೆ ಎಂದು ಯಾರೋ ಹೇಳಿದ್ದನ್ನು ಮೂವರೂ ಗಟ್ಟಿಯಾಗಿ ಹಿಡಿದುಕೊಂಡಿದ್ದೆವು. ಅಪ್ಪ ತಬ್ಬಿಬ್ಬಾಗಿ, ನಗಲು ನೋಡಿ, ಕೊನೆಗೆ ಕೈ ಹಿಸುಕಿಕೊಳ್ಳುತ್ತಿದ್ದರು.

ಅವರು ಸಲೀಸಾಗಿ ಗುರುತಿಸುತ್ತಿದ್ದುದು ನಮ್ಮ ನಾಯಿ ಚಿಂದಿಯನ್ನು ಮಾತ್ರ. ಅಪ್ಪ ದರ್ಜಿ. ಅಂಗಡಿ ಇದ್ದ ಕಾಲದಲ್ಲಿ ಹೊಲಿಗೆ ಯಂತ್ರದ ಕೆಳಗಿನ ಬಟ್ಟೆ ಚೂರುಗಳ ಮೇಲೆ ಬೀದಿನಾಯಿಯ ಮರಿಯೊಂದು ಬಂದು ಮಲಗಿತ್ತು. ಹೆಸರು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಮಲಗುವ ಮುಂಚೆ ಅದು ನಿಂತಲ್ಲೇ ಸುತ್ತು ಹಾಕುವುದನ್ನು ಅಪ್ಪ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. "ಇದರ ಮುತ್ತಜ್ಜ ತೋಳ ಕಣ್ರೀ. ಕಾಡಲ್ಲಿ ಹುಲ್ಲು ತುಳಿದು ಹಾಸಿಗೆ ಮಾಡ್ಕೊಳ್ತಿತ್ತು. ಇದು ಇನ್ನೂ ಮರ್ತಿಲ್ಲ ನೋಡಿ." ಈಗ ಅಪ್ಪ ಎಲ್ಲವನ್ನೂ ಮರೆತಿದ್ದರು. ಅದು ಮಾತ್ರ ಸುತ್ತು ಹಾಕಿಯೇ ಅವರ ಕಾಲ ಬಳಿ ಮಲಗುತ್ತಿತ್ತು.

ಸುಳ್ಳೇಕೆ, ನನಗೆ ಹೊಟ್ಟೆ ಉರಿಯುತ್ತಿತ್ತು. ಹೆತ್ತ ಮಗಳು ಎದುರಿಗೆ ನಿಂತರೆ "ಬಟ್ಟೆ ಇನ್ನೂ ಆಗಿಲ್ಲಮ್ಮ, ನಾಳೆ ಬನ್ನಿ" ಎನ್ನುವವರು ನಾಯಿಯನ್ನು ಕಂಡರೆ ಮುಖ ಅರಳಿಸಿ, ತಟ್ಟೆಯ ಮೊದಲ ತುತ್ತನ್ನು ಅದಕ್ಕೇ ಕೊಡುತ್ತಿದ್ದರು.

"ಅದಕ್ಕೇನು ಎರಡು ಕೋಡಿದ್ಯಾ?" ಎಂದು ಒಮ್ಮೆ ಅಣ್ಣನ ಮೇಲೆ ರೇಗಿದೆ.

"ಕೋಡಿಲ್ಲ, ಬಾಲ ಇದೆ. ನಿನಗೆ ಅದೂ ಇಲ್ವಲ್ಲ," ಎಂದ ಅವನು.

ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂತು. ಒಂದೇ ಒಂದು ಸಲ ಅಪ್ಪ ನನ್ನನ್ನು ಮಗಳೇ ಎಂದು ಕರೆದಿದ್ದರೆ ಸಾಕಿತ್ತು.

ಚಿಂದಿಗೆ ವಯಸ್ಸಾಗಿತ್ತು. ಒಂದು ಮಧ್ಯಾಹ್ನ ಅಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ ಅದು ಅವರ ಕಾಲ ಬಳಿಯೇ ಪ್ರಾಣ ಬಿಟ್ಟಿತು. ಅಣ್ಣ ಹಿತ್ತಲಲ್ಲಿ ಮಣ್ಣು ಮಾಡಿದ. ಎಚ್ಚರವಾದ ಮೇಲೆ ಅಪ್ಪನ ಕೈ ಕುರ್ಚಿಯ ಪಕ್ಕದಲ್ಲಿ ತಡಕಾಡತೊಡಗಿತಂತೆ. ಆ ತಡಕಾಟ ನಿಲ್ಲಲೇ ಇಲ್ಲ. ಅತ್ತಿಗೆ ಅಪ್ಪನ ಮಡಿಲಲ್ಲಿಟ್ಟ ಊಟದ ತಟ್ಟೆಯನ್ನೂ ಅವರು ಮುಟ್ಟಲಿಲ್ಲ.

ಸಂಜೆ ಬಂದವಳು ಅಭ್ಯಾಸದಂತೆ ಎದೆ ಮುಟ್ಟಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪನ ಕಣ್ಣಲ್ಲಿ ಹೆದರಿಕೆ ಕಾಣಿಸಿತು. ಮಗ್ಗಿ ಒಪ್ಪಿಸಲು ಬಾರದ ಮಗುವಿನ ಹೆದರಿಕೆ ಅದು. ಆ ಮೂಕಪ್ರಾಣಿ ಒಂದು ದಿನವೂ ಅವರನ್ನು ನಾನ್ಯಾರು ಎಂದು ಕೇಳಿರಲಿಲ್ಲ. ಬರುತ್ತಿತ್ತು, ಪಕ್ಕದಲ್ಲಿ ಇರುತ್ತಿತ್ತು, ಅಷ್ಟೇ. ನಾವು ಪ್ರೀತಿಯಿಂದಲೇ ಅಪ್ಪನನ್ನು ದಿನಾ ಹೆದರಿಸಿದ್ದೆವು.

ಪ್ರಶ್ನೆಯನ್ನು ನುಂಗಿಕೊಂಡು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ತಡಕಾಡುತ್ತಿದ್ದ ಕೈ ನನ್ನ ತಲೆಗೆ ತಾಗಿ ನಿಂತಿತು. ಆಮೇಲೆ ಮೆಲ್ಲಗೆ ಸವರತೊಡಗಿತು.

"ಎಲ್ಲಿಗೆ ಹೋಗಿದ್ದೆ? ಎಷ್ಟು ಹೊತ್ತಿಂದ ಕಾಯ್ತಿದೀನಿ," ಎಂದರು ಅಪ್ಪ.

ಅದು ನನಗೆ ಆಡಿದ ಮಾತಲ್ಲ, ಗೊತ್ತು.

"ಇಲ್ಲೇ ಇದ್ದೆ ಅಪ್ಪಾ," ಎಂದೆ.

ಅವರು ತಟ್ಟೆಯಿಂದ ಒಂದು ತುತ್ತು ತೆಗೆದು ನನ್ನ ಮುಖದ ಹತ್ತಿರ ತಂದರು. ನಾನು ಬಾಯಿ ತೆರೆದೆ. ಆಮೇಲೆ ಅವರೂ ಉಂಡರು.