ವರದಮ್ಮನ ಡೈಲಾಗು

“ಯಾವ ಕಾಲೇಜು?” ಚಿತ್ರೋತ್ಸವದ ಬಾಗಿಲಲ್ಲಿ ಪಾಸು ಹಂಚುತ್ತಿದ್ದ ಹುಡುಗಿ ಕೇಳಿದಳು.

“ಒಂಬತ್ತನೇ ಕ್ಲಾಸು, ಅದೂ ಅರ್ಧ,” ಎಂದ ತೀರ್ಥೇಶ. “ಒಳಗೆ ನಮ್ಮಮ್ಮ ಇದಾಳೆ. ಬಿಡ್ತೀರೋ ಇಲ್ವೋ?”

ಹುಡುಗಿ ಪಕ್ಕಕ್ಕೆ ಸರಿದಳು. ಅವನ ಮುಖ ನೋಡಿದ್ದರೆ ಯಾರಾದರೂ ಸರಿಯುತ್ತಿದ್ದರು.

ಅಮ್ಮ ಇದ್ದದ್ದು ಪರದೆಯ ಮೇಲೆ. ಹತ್ತು ವರ್ಷದ ಹಿಂದೆ ಹೊಸನಗರದ ಹತ್ತಿರ ಅವರೂರಿನಲ್ಲಿ ನಿರ್ದೇಶಕ ನಾಗರಾಜಪ್ಪನವರ ಸಿನಿಮಾ ಶೂಟಿಂಗ್ ನಡೆದಿತ್ತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ವರದಮ್ಮನನ್ನು ತಡೆದು, ‘ಈ ಸರ್ವೆಯವನು ದಾರಿ ಕೇಳ್ತಾನೆ, ನೀವು ಹೇಳಿಬಿಡಿ’ ಎಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಸಿನಿಮಾಕ್ಕೆ ದೊಡ್ಡ ಪ್ರಶಸ್ತಿಗಳು ಬಂದವು. ಸಿನಿಮಾ ಮಾತ್ರ ಈ ಕಡೆಗೆ ಬರಲಿಲ್ಲ, ಮೊಬೈಲಿನಲ್ಲಿ ಹುಡುಕಿದರೂ ಸಿಗಲಿಲ್ಲ. ನಾಲ್ಕು ವರ್ಷ ಕಾದು ವರದಮ್ಮ ತೀರಿಕೊಂಡಳು.

ಫೋಟೋ ಬೇಕಾದಷ್ಟಿದ್ದವು. ದನಿ ಒಂದೂ ಇರಲಿಲ್ಲ. ಹೊಸನಗರದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೂತ ತೀರ್ಥೇಶ, ತಿರುವಿನಾಚೆ ಬರುವ ಬೈಕು ಯಾರದ್ದೆಂದು ಸದ್ದಿನಲ್ಲೇ ಹೇಳುತ್ತಿದ್ದ. ಅಂಥವನಿಗೆ ಹೆತ್ತವಳ ದನಿ ಹೇಗಿತ್ತೆಂದು ಈಚೆಗೆ ನೆನಪಿಗೇ ಬರುತ್ತಿರಲಿಲ್ಲ. ಯೋಚಿಸಿದಷ್ಟೂ ಅದು ದೂರ ಹೋಗುತ್ತಿತ್ತು. ಸಾಗರದ ಚಿತ್ರೋತ್ಸವದಲ್ಲಿ ಆ ಸಿನಿಮಾ ಇದೆ ಎಂದು ವಾಟ್ಸಾಪಿನಲ್ಲಿ ಕಂಡದ್ದೇ ತಡ, ಸಾಹುಕಾರನಿಗೆ ಹೊಟ್ಟೆನೋವೆಂದು ಹೇಳಿ ಬಸ್ಸು ಹತ್ತಿದ್ದ. ತೀರ್ಥಹಳ್ಳಿಯಲ್ಲಿದ್ದ ಅಕ್ಕ ಸುಷ್ಮಾ ಎರಡು ಸಲ ಫೋನು ಮಾಡಿದ್ದಳು: “ರೆಕಾರ್ಡ್ ಮಾಡ್ಕಂಡ್ ಬಾರಾ. ನಂಗೂ ಕಳ್ಸು. ಮರೀಬೇಡ.”

ಮುಕ್ಕಾಲು ಗಂಟೆ ಕಾದ ಮೇಲೆ ಅಮ್ಮ ಬಂದಳು. ಅದೇ ನಡಿಗೆ, ಹೊರೆಯ ಕೆಳಗೆ ಅದೇ ಓರೆ ಕತ್ತು. ತೀರ್ಥೇಶ ಫೋನು ಎತ್ತಿ ಹಿಡಿದ. ಅಮ್ಮ ಬಾಯಿ ತೆರೆದಳು.

“ನೇರವಾಗಿ ಹೋಗಿ. ಅಲ್ಲೊಂದು ನಾಯಿ ಮಲಗಿರುತ್ತೆ. ಅಲ್ಲಿ ಎಡಕ್ಕೆ ತಿರುಗಿ. ನಾಯಿ ಇಲ್ಲದಿದ್ದರೆ ಅದನ್ನ ಹುಡುಕ್ತಾ ಕೂರಬೇಡಿ.”

ಯಾರೋ ಬೆಂಗಳೂರಿನ ಹೆಂಗಸು. ‘ನೀವು ಕರೆ ಮಾಡಿದ ಚಂದಾದಾರರು ಬ್ಯುಸಿಯಾಗಿದ್ದಾರೆ’ ಅನ್ನುತ್ತಾಳಲ್ಲ, ಆ ನಮೂನೆ ದನಿ. ತುಟಿ ಅಮ್ಮನದು, ಒಳಗೆ ಇನ್ಯಾರೋ.

ಅವನು ಎದ್ದು, ನಾಲ್ಕು ಜನರ ಕಾಲು ತುಳಿದು, ಹಿಂಬಾಗಿಲಿನಿಂದ ಹೊರಗೆ ಬಂದ. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗೊಂದು ಒದೆ ಬಿತ್ತು. ಅದು ಉರುಳಿ ಚಹಾ ಗಾಡಿಯ ಮುಂದೆ ನಿಂತಿದ್ದ ಮುದುಕರೊಬ್ಬರ ಕಾಲಿಗೆ ತಾಗಿತು.

“ಸಿನಿಮಾ ಅಷ್ಟು ಕೆಟ್ಟದಾಗಿದೆಯಾ?” ಮುದುಕರು ಕೇಳಿದರು.

ಬಿಳಿ ಗಡ್ಡ, ಹೆಗಲಲ್ಲಿ ಬಟ್ಟೆ ಚೀಲ, ಕೈಯಲ್ಲಿ ಅರ್ಧ ತಿಂದ ಬಜ್ಜಿ. ಪೇಪರಿನಲ್ಲಿ, ಟೀವಿಯಲ್ಲಿ ನೂರು ಸಲ ನೋಡಿದ ಮುಖ. ಆಮಂತ್ರಣ ಪತ್ರಿಕೆಯಲ್ಲಿ ಹೆಸರಿರಲಿಲ್ಲ, ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಿಗಂದೂರಿಗೆ ಬಂದವರು ದಾರಿಯಲ್ಲಿ ತಮ್ಮದೇ ಸಿನಿಮಾದ ಬ್ಯಾನರ್ ಕಂಡು ಕಾರು ನಿಲ್ಲಿಸಿದ್ದರು.

“ನೀವು ನಾಗರಾಜಪ್ಪನೋರಲ್ವಾ?”

“ಹೌದಪ್ಪ. ಸೆಲ್ಫಿನಾ?”

“ನಿಮ್ ಸೆಲ್ಫಿ ಯಾರಿಗ್ ಬೇಕ್ರೀ? ಹುಲ್ಲಿನ ಹೊರೆ ಹೊತ್ಕಂಡು ಬರ್ತಾಳಲ್ಲ, ಅವ್ಳು ನನ್ ಅಮ್ಮ. ಅವ್ಳ ಬಾಯಿಗೆ ಯಾರದ್ದೋ ಮಾತು ತುರುಕೋಕೆ ನಿಮಗೆ ಯಾರು ಹೇಳಿದ್ದು?”

ಚಹಾ ಗಾಡಿಯವನು ಸ್ಟೌವ್ ಸಣ್ಣ ಮಾಡಿ ಕಿವಿಗೊಟ್ಟ. ನಾಗರಾಜಪ್ಪನವರು ಬಜ್ಜಿಯನ್ನು ಕಾಗದದಲ್ಲಿ ಇಟ್ಟರು.

“ವರದಮ್ಮನ ಮಗನಾ ನೀನು? ಹೇಗಿದಾರೆ ಅವರು?”

“ಇಲ್ಲ. ಸತ್ತು ಆರು ವರ್ಷ ಆಯ್ತು.”

ಮುದುಕರು ಹೆಗಲ ಚೀಲವನ್ನು ಕೆಳಗಿಟ್ಟರು. ಆಮೇಲೆ, “ಅವತ್ತು ಪಕ್ಕದ ಗದ್ದೇಲಿ ಟಿಲ್ಲರ್ ಹೊಡೀತಿದ್ರು. ಸೌಂಡು ಸರಿ ಬರಲಿಲ್ಲ, ಡಬ್ ಮಾಡಿಸಬೇಕಾಯ್ತು,” ಎಂದರು.

“ಸರಿ ಬರದಿದ್ರೆ ಬೇಡ. ಟಿಲ್ಲರ್ ಸದ್ದಿನ ಜೊತೆಗೇ ಕೊಡಿ. ನಾ ಬಿಡಿಸ್ಕಂಡು ಕೇಳ್ತೀನಿ.”

“ಎಲ್ಲಿಂದ ಕೊಡ್ಲಿ? ಆ ಸ್ಟುಡಿಯೋ ಮುಚ್ಚಿಹೋಯ್ತು. ಡಬ್ಬಿಂಗ್ ಆದಮೇಲೆ ಆ ಟ್ರ್ಯಾಕ್ ಯಾರೂ ಇಟ್ಕೊಳ್ಳಲ್ಲ.”

“ಪ್ರಶಸ್ತಿ ಇಟ್ಕಂಡಿದೀರಲ್ಲ! ಅದನ್ನ ಬಿಸಾಕ್ಲಿಲ್ವಲ್ಲ!”

ನಾಗರಾಜಪ್ಪನವರು ಕನ್ನಡಕ ತೆಗೆದು ಜುಬ್ಬದ ತುದಿಯಲ್ಲಿ ಒರೆಸಿದರು.

“ಒಂದು ವಿಷಯ ಹೇಳ್ತೀನಿ ಕೇಳು. ಆ ನಾಯಿ ನಾನು ಬರೆದಿದ್ದಲ್ಲ. ನಾನು ಬರೆದಿದ್ದು ‘ನೇರ ಹೋಗಿ ಎಡಕ್ಕೆ ತಿರುಗಿ’ ಅಷ್ಟೇ. ನಾಯೀನ ತಂದಿದ್ದು ನಿನ್ನಮ್ಮ. ಡಬ್ಬಿಂಗ್ ಹುಡುಗಿಗೆ ಇಡೀ ಮಧ್ಯಾಹ್ನ ಹೇಳಿಕೊಟ್ಟೆ, ಬರಲೇ ಇಲ್ಲ. ನಿನ್ನಮ್ಮ ಹೇಳಿದ್ದು ಹೀಗೆ.”

ಅವರು ತಲೆಯ ಮೇಲೆ ಹೊರೆಯಿದ್ದಂತೆ ಕತ್ತನ್ನು ಓರೆ ಮಾಡಿ, ನಾಲಿಗೆಯಲ್ಲಿ ಒಮ್ಮೆ ಲೊಚಗುಟ್ಟಿ, ಒಂದೇ ಉಸಿರಿಗೆ ಹೇಳಿದರು: “ಸೀದಾ ಹೋಗ್ರಾ. ಅಲ್ಲೊಂದ್ ನಾಯಿ ಮಲ್ಕಂಡಿರ್ತದೆ, ಅಲ್ಲೇ ಎಡಕ್ಕೆ. ನಾಯಿ ಇಲ್ಲಾಂದ್ರೆ ಮತ್ತೆ ನಾಯಿ ಹುಡ್ಕಂಡ್ ಕೂರ್ಬೇಡಿ. ಹಾಂ?”

ಆ ‘ಹಾಂ’! ಬೈದಾದ ಮೇಲೆ, ಬಡಿಸಿದ ಮೇಲೆ, ಬಸ್ಸು ಹತ್ತಿಸಿದ ಮೇಲೆ ಅಮ್ಮ ಕೊನೆಗೆ ಮೇಲಕ್ಕೆಳೆದು ಕೇಳುತ್ತಿದ್ದ ‘ಹಾಂ?’

“ಸರ್, ಇನ್ನೊಂದ್ಸಲ,” ಎಂದು ತೀರ್ಥೇಶ ಫೋನಿಗೆ ಕೈ ಹಾಕಿದ.

ಅಷ್ಟರಲ್ಲಿ ಚಿತ್ರೋತ್ಸವದ ಕಾರ್ಯದರ್ಶಿ ರವೀಶ್ ಮೇಷ್ಟ್ರು ಶಾಲು ಹಿಡಿದು ಓಡಿ ಬಂದರು. “ಸಾರ್! ನಮ್ಮ ಪುಣ್ಯ ಸಾರ್! ಹೇಳಿ ಕಳಿಸೋದಲ್ವಾ! ಏಯ್ ಹುಡುಗಾ, ಸರಿಯೋ, ಆಮೇಲೆ ಫೋಟೋ ತೆಕ್ಕೊಳ್ವೆಯಂತೆ.” ಮುದುಕರ ತೋಳು ಹಿಡಿದು ಕರೆದುಕೊಂಡು ಹೋಗಿಯೇ ಬಿಟ್ಟರು.

ಸಿನಿಮಾ ಮುಗಿದು ದೀಪ ಹತ್ತಿತು. ಶಾಲು, ಹಾರ, ರವೀಶ್ ಮೇಷ್ಟ್ರ ಭಾಷಣ. ತೀರ್ಥೇಶ ವೇದಿಕೆಯ ಬದಿಯ ಸ್ಪೀಕರಿಗೆ ಅಂಟಿಕೊಂಡು, ರೆಕಾರ್ಡಿಂಗ್ ಒತ್ತಿ ನಿಂತ. ಮುದುಕರು ಅಮ್ಮನ ಮಾತು ಹೇಳಿದರೆ ಈ ಸಲ ಬಿಡುವುದಿಲ್ಲ.

ನಾಗರಾಜಪ್ಪನವರು ಮೈಕು ಹಿಡಿದರು. ಕಣ್ಣಲ್ಲೇ ಅವನನ್ನು ಹುಡುಕಿದರು. “ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಒಳ್ಳೆ ಮಾತು ನಂದಲ್ಲ. ನಿಮ್ಮ ಕಡೆಯ ವರದಮ್ಮನವರದು. ಅವರು ಹೇಳಿದ್ದು ಹೀಗೆ,” ಎಂದು ಕತ್ತು ಓರೆ ಮಾಡಿ ಲೊಚಗುಟ್ಟಿದರು. “ಸೀದಾ ಹೋಗ್ರಾ. ಅಲ್ಲೊಂದ್ ನಾಯಿ ಮಲ್ಕಂಡಿರ್ತದೆ…”

ಬಂತು. ಅಮ್ಮನೇ ಬಂದಳು. ಅದರ ಬೆನ್ನಿಗೇ ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲೊಬ್ಬ ತೊಡೆ ತಟ್ಟಿಕೊಂಡು, “ಭಾರೀ ಹೆಂಗಸು ಮಾರಾಯ!” ಎಂದ. ಅದು ಕುಹಕವೋ ಮೆಚ್ಚುಗೆಯೋ ನೋಡುವ ತಾಳ್ಮೆ ತೀರ್ಥೇಶನಿಗೆಲ್ಲಿತ್ತು?

“ನಗಬೇಡ್ರೀ! ಬಾಯ್ ಮುಚ್ಕಂಡ್ ಕೂರ್ರಿ ಎಲ್ಲಾ!”

ಗೋಡೆಗೆ ಬಡಿದು ವಾಪಸು ಬರುವಂಥ ಕೂಗು. ಸಭೆ ಗಪ್ಪಾಯಿತು. ರವೀಶ್ ಮೇಷ್ಟ್ರು ಅವನ ರಟ್ಟೆಗೆ ಕೈ ಹಾಕಿದರು. ನಾಗರಾಜಪ್ಪನವರು ಬೇಡವೆಂದು ಸನ್ನೆ ಮಾಡಿದರು.

“ಇನ್ನೊಂದ್ಸಲ ಹೇಳಿ ಸರ್. ಯಾರೂ ನಗಲ್ಲ.”

ಅವರು ಹೇಳಿದರು. ಮಾತು ಅದೇ. ಆದರೆ ಗಂಟಲಲ್ಲಿ ನಾಗರಾಜಪ್ಪನವರೇ ಇದ್ದರು. ಮತ್ತೊಮ್ಮೆ ಕತ್ತು ಓರೆ ಮಾಡಿ ಹೇಳಿದರು, ನಾಟಕದವರು ಹೇಳಿದಂತಾಯಿತು. ಮೂರನೇ ಸಲ ನಡುವೆಯೇ ನಿಲ್ಲಿಸಿ ಮೈಕು ಕೆಳಗಿಟ್ಟರು.

“ಹೋಯ್ತು ಕಣಪ್ಪ. ಬರ್ತಿಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ತೀರ್ಥೇಶ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದ. ಲೊಚಗುಟ್ಟಿದ್ದು ಕೇಳಿತು. ನಾಯಿ ಮಲಗಿದ್ದು ಕೇಳಿತು. ಆಮೇಲೆ ನಗು, ನಗುವಿನಡಿ ಇನ್ನೂ ನಡೆಯುತ್ತಲೇ ಇದ್ದ ಮಾತು. ನಾಗರಾಜಪ್ಪನವರು ನಿಲ್ಲಿಸಿರಲಿಲ್ಲ, ಕೊನೆಯವರೆಗೂ ಹೇಳಿದ್ದರು. ಕಿವಿಗೊಟ್ಟರೆ ‘ಹುಡ್ಕಂಡ್ ಕೂರ್ಬೇಡಿ’ಯೂ ಸಿಗುತ್ತಿತ್ತು. ಸರಿಯಾಗಿ ‘ಹಾಂ’ ಬರಬೇಕಾದಲ್ಲಿ ಅವನದೇ ಕೂಗು.

ಮತ್ತೆ ಹಾಕಿದ. ಮತ್ತೆ ಅವನೇ ಕೂಗಿದ.

ಸುಷ್ಮಾಳ ಫೋನು ಬಂತು. “ಸಿಕ್ತಾ ತೀರ್ಥಾ? ಅಮ್ಮನ್ ದನಿ?”

“ಸಿಕ್ಕಿತ್ತು ಕಣೇ,” ಎಂದ. “ನಾನೇ ಬಡ್ಕಂಡೆ.”